ಹಿಮ್ಮಡಿಯಲ್ಲೊಂದು ಕಿಟಕಿ

ಫ್ರಾಂಕ್ ರೂಡಿ ವಿಮಾನ ಮತ್ತು ಬಾಹ್ಯಾಕಾಶ ಉದ್ಯಮದಲ್ಲಿ ದುಡಿದು ಬಂದ ಎಂಜಿನಿಯರ್. 1977ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದಲ್ಲಿದ್ದ ನೈಕಿ ಕಂಪನಿಯ ಬಾಗಿಲು ತಟ್ಟಿದಾಗ ಅವರ ಬಳಿ ಇದ್ದದ್ದು ಪ್ಲಾಸ್ಟಿಕ್ಕಿನ ಒಂದು ಪುಟ್ಟ ಚೀಲ. ಒಳಗೆ ಒತ್ತಡದಲ್ಲಿ ತುಂಬಿದ ಅನಿಲ. ಇದನ್ನು ಶೂವಿನ ಅಟ್ಟೆಯೊಳಗೆ ಕೂರಿಸಿದರೆ ಓಡುವವನ ಪಾದಕ್ಕೆ ಬೀಳುವ ಪೆಟ್ಟನ್ನು ಇದು ನುಂಗಿಕೊಳ್ಳುತ್ತದೆ ಎಂಬುದು ಅವರ ವಾದ. ಅಷ್ಟರಲ್ಲಾಗಲೇ ಬೇರೆ ಕಂಪನಿಗಳು ಅವರನ್ನು ಬರಿಗೈಲಿ ಕಳಿಸಿದ್ದವು. ನೈಕಿಯ ಫಿಲ್ ನೈಟ್ ಮಾತ್ರ ಆ ಚೀಲಗಳನ್ನು ತಮ್ಮ ಶೂವಿಗೇ ಹಾಕಿಕೊಂಡು ಓಡಿ ನೋಡಿದರು. ಏರ್ ಮ್ಯಾಕ್ಸ್ ಎಂಬ ಶೂಗಳ ಸಾಲು ಬೇರು ಬಿಟ್ಟದ್ದು ಅಲ್ಲಿ.

ಆ ಚೀಲದ ಗುಟ್ಟು ಸ್ವಲ್ಪ ಬಿಡಿಸಿ ನೋಡುವಂಥದ್ದು. ಸಾಮಾನ್ಯ ಗಾಳಿಯ ಅಣುಗಳು ಚಿಕ್ಕವು. ಪ್ಲಾಸ್ಟಿಕ್ ಪದರದ ಮೂಲಕ ಅವು ಮೆಲ್ಲಗೆ ಸೋರಿಹೋಗುತ್ತವೆ. ರೂಡಿ ಅದಕ್ಕೆ ದೊಡ್ಡ ಅಣುಗಳ ಅನಿಲ ಆರಿಸಿಕೊಂಡರು. ಸಲ್ಫರ್ ಹೆಕ್ಸಾಫ್ಲೋರೈಡ್ ಅಂಥದ್ದೊಂದು. ಅದು ಹೊರಗೆ ಹೋಗುವುದು ಬಹಳ ನಿಧಾನ. ಆದರೆ ಹೊರಗಿನ ಸಾರಜನಕ, ಆಮ್ಲಜನಕ ಒಳಗೆ ನುಸುಳಬಲ್ಲವು. ಹೀಗಾಗಿ ಕಾಲ ಕಳೆದಂತೆ ಚೀಲ ಬಾಡುವ ಬದಲು ಇನ್ನಷ್ಟು ಬಿಗಿಯಾಗುತ್ತಿತ್ತು. ಎಷ್ಟು ಚಂದದ ಯೋಚನೆ! ಈ ಅನಿಲಕ್ಕೇ ಮುಂದೆ ದೊಡ್ಡ ಬೆಲೆ ತೆರಬೇಕಾಗಿ ಬಂತು. ಅದನ್ನು ಆಮೇಲೆ ನೋಡೋಣ.

1978ರ ಹೊನೊಲುಲು ಮ್ಯಾರಥಾನ್ ಹೊತ್ತಿಗೆ ‘ಟೇಲ್‌ವಿಂಡ್’ ಹೆಸರಿನ ಮೊದಲ ಗಾಳಿ ಶೂ ಬಂತು. ಚೀಲ ಚೆನ್ನಾಗಿಯೇ ಕೆಲಸ ಮಾಡಿತು. ಕೈಕೊಟ್ಟದ್ದು ಬಣ್ಣ. ಮೇಲ್ಬಟ್ಟೆಗೆ ಬಳಿದ ಬೆಳ್ಳಿ ಬಣ್ಣದಲ್ಲಿದ್ದ ಲೋಹದ ಕಣಗಳು ಬಟ್ಟೆಯನ್ನೇ ಉಜ್ಜಿ ಹರಿದುಹಾಕಿದವು. ಗ್ರಾಹಕರು ಶೂಗಳನ್ನು ವಾಪಸು ತಂದರು. ಅಲ್ಲಿಂದ ಎಂಟೊಂಬತ್ತು ವರ್ಷ ಗಾಳಿಚೀಲ ಒಂದಲ್ಲ ಒಂದು ಮಾದರಿಯಲ್ಲಿ ಉಳಿದುಕೊಂಡಿತು; 1982ರ ಏರ್ ಫೋರ್ಸ್ 1 ಶೂವಿನಲ್ಲೂ ಇತ್ತು. ಆದರೆ ಅಟ್ಟೆಯ ಫೋಮ್‌ನೊಳಗೆ ಹುದುಗಿಹೋಗಿದ್ದರಿಂದ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಹಣ ಕೊಟ್ಟವನು ‘ಒಳಗೆ ಗಾಳಿ ಇದೆ’ ಎಂಬ ಮಾತನ್ನು ನಂಬಿಕೊಳ್ಳಬೇಕಿತ್ತು, ಅಷ್ಟೆ.

ಕಟ್ಟಡ ಕಲಿತವನು ಶೂ ಬರೆದಾಗ

ಟಿಂಕರ್ ಹ್ಯಾಟ್‌ಫೀಲ್ಡ್ ಓದಿದ್ದು ವಾಸ್ತುಶಿಲ್ಪ. ಒರೆಗಾನ್ ವಿಶ್ವವಿದ್ಯಾಲಯದಲ್ಲಿ ಅವರು ಪೋಲ್‌ವಾಲ್ಟ್ ಪಟು. ಅಲ್ಲಿ ಅವರ ಕೋಚ್ ಆಗಿದ್ದವರು ನೈಕಿಯ ಸ್ಥಾಪಕರಲ್ಲೊಬ್ಬರಾದ ಬಿಲ್ ಬೋವರ್‌ಮನ್. 1981ರಲ್ಲಿ ಹ್ಯಾಟ್‌ಫೀಲ್ಡ್ ಕಂಪನಿ ಸೇರಿದ್ದು ಕಚೇರಿ, ಷೋರೂಂಗಳ ನಕ್ಷೆ ಬರೆಯಲು. ಶೂ ವಿನ್ಯಾಸಕ್ಕೆ ಬಂದದ್ದು 1985ರಲ್ಲಿ. ಆಗ ಕಂಪನಿಯ ಪರಿಸ್ಥಿತಿ ಚೆನ್ನಾಗಿರಲಿಲ್ಲ. ಏರೋಬಿಕ್ಸ್ ಅಲೆಯ ಮೇಲೇರಿದ ರೀಬಾಕ್ ಮಾರಾಟದಲ್ಲಿ ವೇಗವಾಗಿ ಮುಂದೆ ಬರುತ್ತಿತ್ತು.

ಆ ದಿನಗಳಲ್ಲೇ ಅವರು ಪ್ಯಾರಿಸ್‌ನ ಪಾಂಪಿಡೂ ಸೆಂಟರ್ ನೋಡಿ ಬಂದರು. ರೆಂಜೊ ಪಿಯಾನೊ ಮತ್ತು ರಿಚರ್ಡ್ ರೋಜರ್ಸ್ ವಿನ್ಯಾಸ ಮಾಡಿದ, 1977ರಲ್ಲಿ ತೆರೆದ ಕಲಾಕೇಂದ್ರ ಅದು. ಬೇರೆ ಕಟ್ಟಡಗಳು ಗೋಡೆಯೊಳಗೆ ಬಚ್ಚಿಡುವ ಕೊಳವೆ, ತಂತಿ, ಮೆಟ್ಟಿಲುಗಳನ್ನೆಲ್ಲ ಅಲ್ಲಿ ಹೊರಗೆ ತಂದು ಬಣ್ಣ ಬಳಿದು ನಿಲ್ಲಿಸಿದ್ದಾರೆ. ನೀರಿನ ಕೊಳವೆಗೆ ಹಸಿರು, ವಿದ್ಯುತ್ತಿಗೆ ಹಳದಿ, ಜನ ಓಡಾಡುವ ದಾರಿಗೆ ಕೆಂಪು, ಗಾಳಿಗೆ ನೀಲಿ. ಪ್ಯಾರಿಸ್ಸಿನ ಎಷ್ಟೋ ಜನ ಅದನ್ನು ಕಂಡು ಸಿಡಿಮಿಡಿಗೊಂಡಿದ್ದರು. ಹ್ಯಾಟ್‌ಫೀಲ್ಡ್‌ಗೆ ಮಾತ್ರ ಅಲ್ಲಿ ತಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು. ಕಟ್ಟಡ ತನ್ನ ಕರುಳನ್ನು ತೋರಿಸಬಹುದಾದರೆ ಶೂ ತನ್ನ ಗಾಳಿಯನ್ನೇಕೆ ತೋರಿಸಬಾರದು?

ಅಟ್ಟೆಯ ಪಕ್ಕ ಕೊರೆದು ಕಿಟಕಿ ಇಡುತ್ತೇನೆ ಎಂದಾಗ ಕಂಪನಿಯೊಳಗೇ ವಿರೋಧ ಹುಟ್ಟಿತು. ನೋಡಿದವರು ಚೀಲ ತೂತಾಗುತ್ತದೆಂದು ಹೆದರಿ ಕೊಳ್ಳುವುದೇ ಇಲ್ಲ ಎಂಬುದು ಮಾರಾಟದವರ ಆತಂಕ. ತಾಂತ್ರಿಕ ತೊಡಕೂ ಇತ್ತು. ಅನಿಲ ತುಂಬಿದ ಯಾವ ಚೀಲವೂ ದುಂಡಗಾಗಲು ನೋಡುತ್ತದೆ. ಪಾದದಡಿಯಲ್ಲಿ ಅದು ಚಪ್ಪಟೆಯಾಗಿ, ಅಲುಗದೆ ಕೂರಬೇಕು. ಹಾಗೆ ಕೂರಿಸುವ ಕೆಲಸದಲ್ಲಿ ಹ್ಯಾಟ್‌ಫೀಲ್ಡ್ ಜೊತೆಗಿದ್ದವರು ಡೇವಿಡ್ ಫೋರ್‌ಲ್ಯಾಂಡ್. ಆಮೇಲಿನ ದಶಕಗಳಲ್ಲೂ ಗಾಳಿಚೀಲಗಳ ಹಿಂದೆ ಅವರ ಕೈ ಇದ್ದೇ ಇದೆ. ಶೂವಿನ ಚರಿತ್ರೆ ಹೇಳುವವರು ಚಿತ್ರ ಬರೆದವರನ್ನು ನೆನೆಯುವಷ್ಟು ಈ ಎಂಜಿನಿಯರನ್ನು ನೆನೆಯುವುದಿಲ್ಲ. ಅದು ನನಗೆ ಸರಿಯೆನಿಸುವುದಿಲ್ಲ. ಕಿಟಕಿ ಬರೆಯುವುದು ಒಂದು ಕೆಲಸ. ಆ ಕಿಟಕಿಯ ಹಿಂದೆ ಲಕ್ಷಗಟ್ಟಲೆ ಹೆಜ್ಜೆಗಳಿಗೆ ಒಡೆಯದ ಚೀಲ ಇಡುವುದು ಅದಕ್ಕಿಂತ ಕಿರಿದಾದ ಕೆಲಸವಲ್ಲ.

1987ರ ಮಾರ್ಚ್ 26ರಂದು ಏರ್ ಮ್ಯಾಕ್ಸ್ 1 ಮಾರುಕಟ್ಟೆಗೆ ಬಂತು. ಬಿಳಿ ಜಾಲರಿ ಬಟ್ಟೆ, ಬೂದು ಬಣ್ಣದ ಪಟ್ಟಿ, ಸುತ್ತಲೂ ಎದ್ದುಕಾಣುವ ಕೆಂಪು ಅಂಚು. ಆ ಕೆಂಪಿಗೊಂದು ಉದ್ದೇಶವಿತ್ತು: ನೋಡುವವರ ಕಣ್ಣನ್ನು ನೇರವಾಗಿ ಅಟ್ಟೆಯ ಕಡೆಗೆ, ಅಂದರೆ ಕಿಟಕಿಯ ಕಡೆಗೆ ಎಳೆಯುವುದು. ಜಾಹೀರಾತಿಗೆ ಬೀಟಲ್ಸ್ ತಂಡದ ‘ರೆವಲ್ಯೂಷನ್’ ಹಾಡಿನ ಮೂಲ ಧ್ವನಿಮುದ್ರಣವನ್ನೇ ಬಳಸಿದ್ದರು. ಅದು ಕೋರ್ಟಿನ ಮೆಟ್ಟಿಲನ್ನೂ ಏರಿತು.

ಮೊದಲು ತಯಾರಾದ ಜೋಡಿಗಳಲ್ಲಿ ಕಿಟಕಿ ಇನ್ನೂ ದೊಡ್ಡದಿತ್ತು. ಚಳಿ ಜಾಸ್ತಿಯಾದಾಗ ಅವು ಬಿರುಕು ಬಿಟ್ಟವು. ಹಾಗಾಗಿ ಕಿಟಕಿಯನ್ನು ಕಿರಿದು ಮಾಡಿದರು. ಜಗತ್ತು ‘ಮೂಲ’ ಎಂದು ಇಷ್ಟು ವರ್ಷ ಮೆಚ್ಚಿಕೊಂಡು ಬಂದ ಆಕಾರ ನಿಜಕ್ಕೂ ಒಂದು ರಾಜಿಯ ಫಲ. ಆ ದೊಡ್ಡ ಕಿಟಕಿಯ ರೂಪ 2023ರಲ್ಲಿ ‘ಬಿಗ್ ಬಬಲ್’ ಎಂಬ ಹೆಸರಲ್ಲಿ ಮತ್ತೆ ಬಂತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ಚಿಕ್ಕ ಕಿಟಕಿಯದೇ ಹೆಚ್ಚು ಇಷ್ಟ. ಅದು ಇಣುಕಿ ನೋಡುವಂತೆ ಮಾಡುತ್ತದೆ.

ಮೂಳೆ, ಮಾಂಸ, ಚರ್ಮ

ಮುಂದಿನ ಕೆಲವು ವರ್ಷ ಎಲ್ಲರ ಗುರಿ ಒಂದೇ: ಫೋಮ್ ಕಡಿಮೆ, ಗಾಳಿ ಹೆಚ್ಚು. 1990ರಲ್ಲಿ ಹ್ಯಾಟ್‌ಫೀಲ್ಡ್ ಅವರದೇ ಏರ್ ಮ್ಯಾಕ್ಸ್ 3 ಬಂತು. ಈಗ ನಾವು ಏರ್ ಮ್ಯಾಕ್ಸ್ 90 ಎನ್ನುವುದು ಇದನ್ನೇ. ಕಿಟಕಿಯ ಸುತ್ತ ಗೀರುಗೀರಾದ ಚೌಕಟ್ಟು ಬಂತು. ಅದಕ್ಕೆ ಕೆಂಡದಂಥ ‘ಇನ್‌ಫ್ರಾರೆಡ್’ ಬಣ್ಣ. ಇಡೀ ಶೂ ಮುಂದಕ್ಕೆ ಬಾಗಿ ಹೊರಟು ನಿಂತಂತೆ ಕಾಣುತ್ತದೆ. 1991ರ ಏರ್ ಮ್ಯಾಕ್ಸ್ 180ರಲ್ಲಿ ಗಾಳಿ ತಳದಿಂದಲೂ ಕಾಣತೊಡಗಿತು. 1993ರಲ್ಲಿ ಹಿಮ್ಮಡಿಯನ್ನು ಮೂರು ಕಡೆಯಿಂದ ಬಳಸುವ ಚೀಲ ಬಂತು. ಪದರಗಳನ್ನು ಬೆಸೆದು ಮಾಡುತ್ತಿದ್ದ ಚೀಲವನ್ನು ಆ ಹೊತ್ತಿಗೆ ಅಚ್ಚಿನೊಳಗೆ ಊದಿ ತಯಾರಿಸುವುದನ್ನು ಕಲಿತಿದ್ದರು. ಅಮೆರಿಕದ ಅಂಗಡಿಗಳಲ್ಲಿ ಹಾಲು ತುಂಬಿ ಮಾರುವ ಪ್ಲಾಸ್ಟಿಕ್ ಕ್ಯಾನುಗಳನ್ನು ಮಾಡುವ ವಿಧಾನವೂ ಅದೇ.

1995ರ ಏರ್ ಮ್ಯಾಕ್ಸ್ 95ರದು ಮಾತ್ರ ಬೇರೆಯೇ ಕಥೆ. ಅದರ ವಿನ್ಯಾಸಕಾರ ಸರ್ಜಿಯೊ ಲೊಜಾನೊ ಅಲ್ಲಿಯವರೆಗೆ ಕೆಲಸ ಮಾಡಿದ್ದು ಬೆಟ್ಟಗುಡ್ಡ ಹತ್ತುವವರ ಶೂಗಳ ವಿಭಾಗದಲ್ಲಿ. ಮಳೆಯ ನೀರು ಮಣ್ಣನ್ನು ಕೊರೆಯುತ್ತ ಹೋದರೆ ಒಳಗಿನ ಪದರಗಳು ಒಂದೊಂದಾಗಿ ಹೊರಗೆ ಕಾಣುವುದನ್ನು ಅವರು ಕಲ್ಪಿಸಿಕೊಂಡರು. ಅಲೆಯಲೆಯಾದ ಪಟ್ಟಿಗಳನ್ನು ಬರೆದರು. ಆಮೇಲೆ ಅದಕ್ಕೆ ಮನುಷ್ಯ ದೇಹದ ರಚನೆಯನ್ನು ಜೋಡಿಸಿದರು. ಅಟ್ಟೆ ಬೆನ್ನುಮೂಳೆಯಾಯಿತು, ಲೇಸ್ ಹಾಯುವ ಕುಣಿಕೆಗಳು ಪಕ್ಕೆಲುಬುಗಳಾದವು, ಪಕ್ಕದ ಪಟ್ಟಿಗಳು ಮಾಂಸಖಂಡದ ಎಳೆಗಳಾದವು, ಜಾಲರಿ ಬಟ್ಟೆ ಚರ್ಮವಾಯಿತು. ಮುಂಗಾಲಿನಡಿಯ ಗಾಳಿ ಕಣ್ಣಿಗೆ ಕಾಣಿಸಿದ್ದು ಇದರಲ್ಲೇ ಮೊದಲು.

ಬಣ್ಣದ ವಿಚಾರವನ್ನು ಹೇಳದೆ ಮುಂದೆ ಹೋಗಲಾರೆ. ಓಡುವ ಶೂ ಎಂದರೆ ಬಿಳಿ ಎಂಬುದು ಆಗಿನ ರೂಢಿ. ಆದರೆ ಕೆಸರಿನ ದಾರಿಯಲ್ಲಿ ಓಡಿದವನ ಶೂ ಮೊದಲು ಕೊಳೆಯಾಗುವುದು ತಳದಲ್ಲಿ. ಲೊಜಾನೊ ತಳಕ್ಕೆ ಕಪ್ಪು ಕೊಟ್ಟರು. ಅದರ ಮೇಲೆ ಕಡು ಬೂದು, ಇನ್ನೂ ಮೇಲೆ ತಿಳಿ ಬೂದು, ಮೇಲೆ ಹೋದಂತೆ ಬಿಳಿ. ಕೊಳೆ ಹತ್ತುವ ಜಾಗದಲ್ಲಿ ಕೊಳೆಯ ಬಣ್ಣವೇ ಮೊದಲು ಕಾದು ಕೂತಿರುತ್ತದೆ! ಗಾಳಿ ಇರುವ ಕಡೆ ಮತ್ತು ಲೇಸಿನ ಕುಣಿಕೆಯಲ್ಲಿ ಮಾತ್ರ ಕಣ್ಣು ಕುಕ್ಕುವ ಹಳದಿ. ಕಂಪನಿಯ ಸ್ವೂಶ್ ಗುರುತನ್ನು ಹಿಂಭಾಗದ ಮೂಲೆಗೆ, ಬೆರಳ ತುದಿಯಷ್ಟಕ್ಕೆ ಇಳಿಸಿದರು. ಗುರುತನ್ನೇ ಮುಖ್ಯ ಬಂಡವಾಳ ಮಾಡಿಕೊಂಡ ಸಂಸ್ಥೆಯೊಳಗೆ ಇದನ್ನು ಒಪ್ಪಿಸಲು ಎಷ್ಟು ಎದೆಗಾರಿಕೆ ಬೇಕೆಂದು ಯೋಚಿಸಿ. ಈ ಇಡೀ ಸಾಲಿನಲ್ಲಿ ಒಂದೇ ಶೂವನ್ನು ಸಂಗ್ರಹಾಲಯಕ್ಕೆ ಕಳಿಸಬೇಕೆಂದರೆ ನಾನು 1987ರದನ್ನು ಬಿಟ್ಟು ಇದನ್ನೇ ಕಳಿಸುತ್ತೇನೆ. ಕಾರಣವಿಲ್ಲದೆ ಬಂದ ಒಂದು ಗೆರೆಯೂ ಇದರಲ್ಲಿ ಕಾಣುವುದಿಲ್ಲ.

ಜಪಾನಿನಲ್ಲಿ ಇದು ಹುಚ್ಚನ್ನೇ ಹಿಡಿಸಿತು. ಬೆಲೆ ಮೂಲ ದರದ ಹಲವು ಪಟ್ಟಾಯಿತು, ನಕಲಿ ಮಾಲು ಹರಿದು ಬಂತು. ಬೀದಿಯಲ್ಲಿ ಹೋಗುವವರನ್ನು ತಡೆದು ಕಾಲಿನಿಂದ ಶೂ ಬಿಚ್ಚಿಸಿಕೊಂಡು ಓಡುವ ಪ್ರಕರಣಗಳು ಎಷ್ಟು ಹೆಚ್ಚಿದವೆಂದರೆ ಪತ್ರಿಕೆಗಳು ‘ಏರ್ ಮ್ಯಾಕ್ಸ್ ಬೇಟೆ’ ಎಂದೇ ಬರೆದವು. ಲಂಡನ್ನಿನ ಹುಡುಗರು ಇದನ್ನು ‘ಒನ್-ಟೆನ್’ ಎಂದು ಕರೆದರು. ಅಲ್ಲಿ ಇದರ ಬೆಲೆ 110 ಪೌಂಡ್ ಇತ್ತು. ಓಟಗಾರರಿಗೆಂದು ಮಾಡಿದ ಶೂವನ್ನು ಓಡದವರು ತಮ್ಮದು ಮಾಡಿಕೊಂಡ ಕಾಲ ಇದು.

1997ರ ಏರ್ ಮ್ಯಾಕ್ಸ್ 97 ಕ್ರಿಶ್ಚಿಯನ್ ಟ್ರೆಸರ್ ಕೈಯದು. ಮುಂಗಾಲಿನಿಂದ ಹಿಮ್ಮಡಿಯವರೆಗೆ ಪಾದದುದ್ದಕ್ಕೂ ಗಾಳಿ ಹರಡಿದ್ದು ಇದರಲ್ಲೇ. ಬೆಳ್ಳಿಯ ಮೈ, ಸುತ್ತಲೂ ಹರಿಯುವ ಗೆರೆಗಳು, ಮರೆಯಲ್ಲಿ ಹುದುಗಿದ ಲೇಸ್. ಜಪಾನಿನ ಬುಲೆಟ್ ರೈಲನ್ನು ನೋಡಿ ಇದನ್ನು ಬರೆದರು ಎಂಬ ಕಥೆ ಎಲ್ಲೆಲ್ಲೂ ಚಾಲ್ತಿಯಲ್ಲಿದೆ. ಟ್ರೆಸರ್ ಹೇಳಿದ್ದು ಬೇರೆ. ಕೊಳದಲ್ಲಿ ನೀರಿನ ಹನಿ ಬಿದ್ದಾಗ ಏಳುವ ಅಲೆಗಳ ಬಳೆಗಳಿಂದ ಆ ಗೆರೆಗಳು ಬಂದವು. ಗುಡ್ಡಗಾಡಿನಲ್ಲಿ ಓಡಿಸುವ ಸೈಕಲ್ಲುಗಳ ಲೋಹದ ಹೊಳಪಿನಿಂದ ಆ ಬಣ್ಣ ಬಂತು. ರೈಲಿನ ಕಥೆ ಸುಲಭವಾಗಿ ನೆನಪಿನಲ್ಲಿ ಉಳಿಯುತ್ತದೆ, ನಿಜ. ಆದರೆ ನೀರಿನ ಹನಿ ಬಿದ್ದ ಜಾಗದಿಂದ ಅಲೆ ಹೊರಕ್ಕೆ ಹರಡುವುದನ್ನು ಮನಸ್ಸಿನಲ್ಲಿಟ್ಟು ಆ ಶೂ ನೋಡಿ, ಅದರ ಗೆರೆಗಳು ತಾವಾಗಿಯೇ ಅರ್ಥವಾಗುತ್ತವೆ. ಇಟಲಿಯ ಊರುಗಳಲ್ಲಿ ಇದನ್ನು ಅಂದವಾದ ಕೋಟಿನ ಜೊತೆಗೂ ಹಾಕಿಕೊಂಡರು.

ಮರುವರ್ಷ ಷಾನ್ ಮೆಕ್‌ಡವೆಲ್ ಎಂಬ ತರುಣ ಬರೆದ ಏರ್ ಮ್ಯಾಕ್ಸ್ ಪ್ಲಸ್ ಬಂತು. ಫ್ಲಾರಿಡಾದ ಕಡಲತೀರದಲ್ಲಿ ಕಂಡ ಸಂಜೆಯ ಆಕಾಶ ಮೇಲ್ಬಟ್ಟೆಯ ಬಣ್ಣವಾಯಿತು, ಗಾಳಿಗೆ ತೊನೆಯುವ ತಾಳೆ ಮರಗಳ ಗರಿ ಅದರ ಮೇಲಿನ ಪ್ಲಾಸ್ಟಿಕ್ ಪಟ್ಟಿಗಳಾಯಿತು, ತಿಮಿಂಗಿಲದ ಬಾಲ ಅಟ್ಟೆಯ ನಡುವಿನ ಆಸರೆಯಾಯಿತು. ಫ್ರಾನ್ಸಿನ ನಗರಗಳ ಹೊರವಲಯದಲ್ಲಿ, ವಲಸಿಗರ ಮಕ್ಕಳು ಬೆಳೆಯುವ ಬಹುಮಹಡಿ ವಸತಿಗಳಲ್ಲಿ, ಇದಕ್ಕೆ ‘ಶಾರ್ಕ್’ ಎಂಬ ಅರ್ಥದ ಅಡ್ಡಹೆಸರು ಬಿತ್ತು. ಆಸ್ಟ್ರೇಲಿಯಾದಲ್ಲೂ ಇದು ಕಾರ್ಮಿಕ ಬಡಾವಣೆಗಳ ಹುಡುಗರ ಗುರುತಾಯಿತು. ಮೆಕ್‌ಡವೆಲ್ ಬರೆದದ್ದು ಕಡಲತೀರದ ತಾಳೆ ಮರ. ಆ ಹುಡುಗರು ಅದರಲ್ಲಿ ಕಂಡದ್ದು ಹಲ್ಲುಳ್ಳ ಮೀನನ್ನು. ವಿನ್ಯಾಸಕಾರ ಕೊಟ್ಟ ಅರ್ಥ ಅಂಗಡಿಯ ಬಾಗಿಲವರೆಗೆ ಮಾತ್ರ. ಅಲ್ಲಿಂದಾಚೆ ಶೂವಿಗೆ ಹಾಕಿಕೊಂಡವರೇ ಅರ್ಥ ಕೊಡುತ್ತಾರೆ. ಏರ್ ಮ್ಯಾಕ್ಸ್ ಸಾಲು ಇಷ್ಟು ಕಾಲ ಬಾಳಿದ್ದಕ್ಕೆ ಈ ಎರಡನೆಯ ಅರ್ಥವೇ ಕಾರಣ ಎಂದು ನಾನು ಬಲವಾಗಿ ನಂಬಿದ್ದೇನೆ.

ಅನಿಲದ ಸಾಲ

ಇನ್ನು ಆ ಅನಿಲದ ಮಾತು. ಸಲ್ಫರ್ ಹೆಕ್ಸಾಫ್ಲೋರೈಡ್ ಚೀಲದಿಂದ ಸೋರದಿರಬಹುದು, ಆದರೆ ಶೂ ಹರಿದು ಕಸದ ಗುಡ್ಡ ಸೇರಿದ ಮೇಲೆ ಒಂದಲ್ಲ ಒಂದು ದಿನ ಹೊರಬರಲೇಬೇಕು. ಇಂಗಾಲದ ಡೈಆಕ್ಸೈಡಿಗೆ ಹೋಲಿಸಿದರೆ, ನೂರು ವರ್ಷಗಳ ಲೆಕ್ಕದಲ್ಲಿ, ತೂಕಕ್ಕೆ ತೂಕ ಸುಮಾರು 23 ಸಾವಿರ ಪಟ್ಟು ಹೆಚ್ಚು ಶಾಖ ಹಿಡಿದಿಡುವ ಅನಿಲ ಇದು. ವಾತಾವರಣದಲ್ಲಿ ಸಾವಿರಾರು ವರ್ಷ ಉಳಿಯುತ್ತದೆ. 1990ರ ದಶಕದ ಆರಂಭದಲ್ಲಿ ಪರಿಸರದ ಕಾಳಜಿಯುಳ್ಳವರು ಇದರ ಬಗ್ಗೆ ದನಿಯೆತ್ತಿದರು.

ಬದಲಿಗೆ ಸಾರಜನಕ ತುಂಬೋಣವೆಂದರೆ ಅದರ ಅಣು ಚಿಕ್ಕದು, ಹಳೆಯ ಚೀಲದಲ್ಲಿ ನಿಲ್ಲದು. ಚೀಲದ ಗೋಡೆಯನ್ನೇ ಹೊಸದಾಗಿ ಕಟ್ಟಬೇಕಾಯಿತು. ಹತ್ತಾರು ತೆಳು ಪದರಗಳನ್ನು ಒಂದಾಗಿಸಿದ ಹೊಸ ಪ್ಲಾಸ್ಟಿಕ್ ಹಾಳೆ ಕೈಗೆ ಬರಲು ಒಂದು ದಶಕಕ್ಕೂ ಹೆಚ್ಚು ಹಿಡಿಯಿತು. 2006ರ ಹೊತ್ತಿಗೆ ಹಳೆಯ ಅನಿಲ ಸಂಪೂರ್ಣವಾಗಿ ಹೋಗಿ ಸಾರಜನಕ ಬಂತು. ಇಷ್ಟು ತಡವಾದದ್ದನ್ನು ನಾನು ಸಮರ್ಥಿಸಲಾರೆ; ಆ ನಡುವೆ ಮಾರಾಟವಾದ ಶೂಗಳ ಲೆಕ್ಕ ಸಣ್ಣದಲ್ಲ. ಆದರೆ ಪರಿಸರಕ್ಕೆಂದು ಹುಡುಕಿದ ಆ ಗಟ್ಟಿ ಹಾಳೆ ವಿನ್ಯಾಸಕಾರರಿಗೆ ಇನ್ನೊಂದು ಬಾಗಿಲನ್ನೂ ತೆರೆಯಿತು. ಪಾದದಡಿಯ ಫೋಮನ್ನು ಪೂರ್ತಿ ತೆಗೆದು ಗಾಳಿಯ ಮೇಲೆಯೇ ನಿಲ್ಲುವ ಏರ್ ಮ್ಯಾಕ್ಸ್ 360 ಅದೇ 2006ರಲ್ಲಿ ಬರಲು ಸಾಧ್ಯವಾದದ್ದು ಆ ಹಾಳೆಯಿಂದ. 2017ರ ವೇಪರ್‌ಮ್ಯಾಕ್ಸ್ ಅದನ್ನೂ ದಾಟಿತು. ಅಲ್ಲಿ ಮೇಲ್ಬಟ್ಟೆಗೆ ಗಾಳಿಚೀಲವನ್ನೇ ನೇರವಾಗಿ ಜೋಡಿಸಿದ್ದಾರೆ.

ಅದೇ 2017ರಲ್ಲಿ ಓಟದ ಜಗತ್ತು ಇನ್ನೊಂದು ಕಡೆಗೆ ತಿರುಗಿತು. ಹಗುರವಾದ ಹೊಸ ಬಗೆಯ ಫೋಮ್ ಮತ್ತು ಕಾರ್ಬನ್ ಫಲಕವಿದ್ದ ವೇಪರ್‌ಫ್ಲೈ ಮ್ಯಾರಥಾನ್ ದಾಖಲೆಗಳನ್ನು ಅಲುಗಾಡಿಸಿತು. ಯಾವ ಫೋಮನ್ನು ಹೊರಹಾಕಲು ಏರ್ ಮ್ಯಾಕ್ಸ್ ಮೂವತ್ತು ವರ್ಷ ದುಡಿಯಿತೋ ಆ ಫೋಮೇ ಓಟದಲ್ಲಿ ಗೆದ್ದಿತು. ಕಂಪನಿಯೂ ಮರುವರ್ಷ ಆ ವಾಸ್ತವವನ್ನು ಬಾಯಿಬಿಟ್ಟು ಒಪ್ಪಿಕೊಂಡಿತು: 2018ರ ಏರ್ ಮ್ಯಾಕ್ಸ್ 270ರ ಗಾಳಿಚೀಲ ಓಟದ ಲೆಕ್ಕ ಬಿಟ್ಟು, ದಿನವಿಡೀ ನಡೆಯುವ, ನಿಲ್ಲುವ ಕಾಲಿಗೆಂದೇ ರೂಪಿಸಿದ ಮೊದಲನೆಯದು. ಹಿಮ್ಮಡಿಯಡಿ 32 ಮಿಲಿಮೀಟರ್ ಎತ್ತರದ ಗಾಳಿ. ಮುಂದಿನ ವರ್ಷದ 720ರಲ್ಲಿ ಅದು 38 ಮಿಲಿಮೀಟರ್ ಆಯಿತು. ನಮ್ಮ ಕಾಲೇಜುಗಳಲ್ಲಿ, ಐಟಿ ಕಚೇರಿಗಳಲ್ಲಿ 270 ಬಹಳ ಜನರ ಕಾಲಿನಲ್ಲಿ ಕಂಡಿದೆ, ಅಸಲಿಯೂ ‘ಫಸ್ಟ್ ಕಾಪಿ’ಯೂ ಸೇರಿ. ಅದರ ಮೆತ್ತನೆಯ ಬಗ್ಗೆ ತಕರಾರಿಲ್ಲ. ಆದರೆ ಗಾಳಿಯ ಎತ್ತರವನ್ನೇ ಸಾಧನೆಯೆಂದು ಎಣಿಸತೊಡಗಿದ ಮೇಲೆ ಉಳಿದ ಭಾಗಗಳ ಮೇಲೆ ಲೊಜಾನೊ, ಟ್ರೆಸರ್ ಇಟ್ಟಂಥ ಕಣ್ಣು ಹೋಯಿತೆಂದೇ ನನಗನಿಸುತ್ತದೆ. ಜನರೂ ಹೊಸದಕ್ಕಿಂತ 90, 95, 97ರ ಮರುಬಿಡುಗಡೆಗಳಿಗೇ ಹೆಚ್ಚು ಮುಗಿಬೀಳುತ್ತಾರೆ. 2024ರಲ್ಲಿ ಬಂದ ಡಿಎನ್ ಮಾದರಿಯಲ್ಲಿ ಮಾತ್ರ ಮತ್ತೆ ಒಂದು ನಿಜವಾದ ಯೋಚನೆ ಇದೆ. ನಾಲ್ಕು ಕೊಳವೆಗಳಲ್ಲಿ ಎರಡು ಬಗೆಯ ಒತ್ತಡ. ಹೆಜ್ಜೆ ಹಿಂದಿನಿಂದ ಮುಂದಕ್ಕೆ ಹೊರಳಿದಂತೆ ಗಾಳಿಯೂ ಕೊಳವೆಯಿಂದ ಕೊಳವೆಗೆ ಹರಿಯುತ್ತದೆ.

ಕೂಡಿಟ್ಟು ಕಾಪಾಡುವವರಿಗೆ ಈ ಶೂಗಳು ಒಂದು ಕಠಿಣ ಸತ್ಯವನ್ನು ಕಲಿಸುತ್ತವೆ. ಹಳೆಯ ಮಾದರಿಗಳ ಅಟ್ಟೆ ಪಾಲಿಯುರಿಥೇನ್ ಫೋಮಿನದು. ಗಾಳಿಯಲ್ಲಿರುವ ತೇವ ಅದರ ರಾಸಾಯನಿಕ ಕೊಂಡಿಗಳನ್ನು ಮೆಲ್ಲಗೆ ಕತ್ತರಿಸುತ್ತದೆ. ಡಬ್ಬಿಯಲ್ಲಿ ಜೋಪಾನವಾಗಿಟ್ಟ ಜೋಡಿ ಕೆಲವು ವರ್ಷಗಳ ಬಳಿಕ ಹಾಕಿಕೊಂಡ ದಿನವೇ ಪುಡಿಪುಡಿಯಾಗಿ ಉದುರುತ್ತದೆ. ಸೆಕೆ, ತೇವ ಹೆಚ್ಚಿರುವ ನಮ್ಮ ಕರಾವಳಿ, ಮಲೆನಾಡಿನ ಮನೆಗಳಲ್ಲಿ ಈ ಕೆಲಸ ಇನ್ನೂ ಬೇಗ ಆಗುತ್ತದೆ. 1987ರ ಮೂಲ ಜೋಡಿಗಳು ಎಲ್ಲಿ ಉಳಿದಿದ್ದರೂ ಈಗ ನೋಡುವುದಕ್ಕೆ ಮಾತ್ರ.

ಕಿಟಕಿಯ ಹಿಂದಿನ ಚೀಲಕ್ಕೆ ಮೊಳೆ ಚುಚ್ಚಿತೆಂದರೂ ಅಷ್ಟೆ, ಸೈಕಲ್ ಟ್ಯೂಬಿನಂತೆ ಪ್ಯಾಚ್ ಹಾಕಲಾಗದು. ಬೀದಿ ಬದಿಯಲ್ಲಿ ಚಪ್ಪಲಿ ಹೊಲಿದು, ಅಟ್ಟೆ ಬದಲಿಸಿ ಕೊಡುವ ಕುಶಲರ ಕೈಗೆ ಕೊಟ್ಟರೆ ಅವರು ಎರಡು ಸಲ ತಿರುಗಿಸಿ ನೋಡಿ ವಾಪಸು ಕೊಡುತ್ತಾರೆ. ಮೇಲ್ಬಟ್ಟೆ, ಫೋಮ್, ಚೀಲ, ರಬ್ಬರ್ ಎಲ್ಲವೂ ಅಂಟಿನಿಂದ ಒಂದಾಗಿ ಹೋಗಿರುವುದರಿಂದ ಒಂದನ್ನು ಬಿಡಿಸಲು ಹೋದರೆ ಇನ್ನೊಂದು ಹರಿಯುತ್ತದೆ. ಹತ್ತು ಸಾವಿರ ರೂಪಾಯಿ ದಾಟುವ ಜೋಡಿಯೊಂದು ಕಾಳಿನಷ್ಟು ತೂತಿನಿಂದ ಕಸವಾಗುವುದು ಒಳ್ಳೆಯ ವಿನ್ಯಾಸ ಎನಿಸಿಕೊಳ್ಳದು. ಅಂಟೇ ಇಲ್ಲದೆ ಭಾಗಗಳನ್ನು ಒಂದಕ್ಕೊಂದು ಸಿಕ್ಕಿಸಿ, ಬೇಕೆಂದಾಗ ಬಿಚ್ಚಬಹುದಾದ ‘ಇಸ್ಪಾ ಲಿಂಕ್’ ಎಂಬ ಶೂವನ್ನು ಇದೇ ಕಂಪನಿ 2022ರಲ್ಲಿ ಮಾಡಿ ತೋರಿಸಿದೆ. ಅದು ಸೀಮಿತ ಪ್ರಯೋಗವಾಗಿ ಉಳಿಯಬಾರದು. ಜನ ನಿಜವಾಗಿ ಹಾಕಿಕೊಳ್ಳುವ 90ಕ್ಕೆ, 95ಕ್ಕೆ ಅದು ಬರಬೇಕು: ಸವೆದ ಅಟ್ಟೆಯನ್ನು, ತೂತಾದ ಚೀಲವನ್ನು ಬಿಚ್ಚಿ ತೆಗೆದು, ಹೊಸದನ್ನು ಸಿಕ್ಕಿಸಿಕೊಂಡು, ಅದೇ ಮೇಲ್ಬಟ್ಟೆಯಲ್ಲಿ ಇನ್ನೈದು ವರ್ಷ ನಡೆಯುವಂತೆ. ಮುಂದಿನ ವಿನ್ಯಾಸಕಾರ ಇದನ್ನು ಮಾಡಿಕೊಟ್ಟರೆ, ಗಾಳಿಯ ಎತ್ತರ 32 ಮಿಲಿಮೀಟರೋ 38 ಮಿಲಿಮೀಟರೋ ಎಂದು ನಾನಂತೂ ಕೇಳುವುದಿಲ್ಲ.